ಹಾಡಿಯಲ್ಲಿ ರೆಫರ್ ಎಂಬ ಮಾತು

ಅಂತರಸಂತೆಯಾಚೆಯ ಕಾಡಂಚಿನ ಹಾಡಿಯಲ್ಲಿ 'ರೆಫರ್' ಅನ್ನುವ ಮಾತು ಗೊತ್ತಿಲ್ಲದವರಿಲ್ಲ. ಅದನ್ನು ಅಲ್ಲಿಗೆ ತಂದವಳು ಆಶಾ ಕಾರ್ಯಕರ್ತೆ ಮಾಯಮ್ಮ, ಅದೇ ಹಾಡಿಯ ಹೆಣ್ಣು. ಇಲ್ಲಿ ಆಗದ ಕೇಸನ್ನು ದೊಡ್ಡಾಸ್ಪತ್ರೆಗೆ ಒಪ್ಪಿಸುವುದು ಎಂದು ತರಬೇತಿಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದರು. ಹಾಡಿಯವರು ಅದನ್ನು ಬೇರೆ ಥರ ಕಲಿತರು.

ಮೂರು ವರ್ಷದ ಹಿಂದೆ ಪುಟ್ಟಿ ಎಂಬ ಬಸುರಿಯನ್ನು ಮಾಯಮ್ಮ ಆಂಬುಲೆನ್ಸಿಗೆ ಹತ್ತಿಸಿ, ಬಾಗಿಲು ಹಾಕಿ, ಪೋಲಿಯೊ ಹನಿ ಹಾಕುವ ಕೆಲಸವಿದೆಯೆಂದು ಹಿಂದಿರುಗಿದ್ದಳು. ಪುಟ್ಟಿ ಹೆಣವಾಗಿ ಬಂದಳು. ಆಮೇಲೆ ಯಾರು ಸತ್ತರೂ 'ರೆಫರ್ ಆದ್ರು' ಅನ್ನತೊಡಗಿದರು. ನಾಯಿ ಕಚ್ಚಿಕೊಂಡು ಹೋದ ಕೋಳಿಯೂ ರೆಫರ್ ಆಯಿತು. ಮಾಯಮ್ಮ ಕೇಳಿಯೂ ಕೇಳದವಳ ಹಾಗಿರುತ್ತಿದ್ದಳು. ಪಾಪ, ಯಾವ ಮುಖ ಇಟ್ಟುಕೊಂಡು ತಿದ್ದುತ್ತಾಳೆ?

ಈಗ ಚಿಕ್ಕಿ ಎಂಬ ಬಸುರಿಯ ಸರದಿ. ಎಂಟು ತಿಂಗಳು ತುಂಬಿದೆ, ಕಾಲು ಬಾತಿದೆ, ಬಿ.ಪಿ. ಏರಿ ಕೂತಿದೆ. ಡಾಕ್ಟರಮ್ಮ ಮೈಸೂರಿಗೆ ಚೀಟಿ ಬರೆದರು, ಆಂಬುಲೆನ್ಸೂ ಬಂತು. ರೆಫರ್ ಎಂದು ಕಿವಿಗೆ ಬಿದ್ದದ್ದೇ ತಡ, ಚಿಕ್ಕಿ ಅತ್ತೆಯ ಸೆರಗು ಹಿಡಿದು ಕೂತುಬಿಟ್ಟಳು. ಅತ್ತೆ ಮಹದೇವಮ್ಮ ಅರ್ಧ ಹಾಡಿಯ ಹೆರಿಗೆ ಮಾಡಿಸಿದ ಸೂಲಗಿತ್ತಿ. ಹೆರುವವಳ ಕೈಯನ್ನು ಕೂಸು ಹೊರಬರುವ ತನಕ ಯಾರಾದರೊಬ್ಬರು ಹಿಡಿದಿರಲೇಬೇಕು ಎಂಬುದು ಆಕೆಯ ಕಟ್ಟುನಿಟ್ಟು.

"ಓಗ್ಲಿಲ್ಲ ಅಂದ್ರೆ ತಾಯಿ ಕೂಸು ಇಬ್ರೂ ಉಳಿಯಕ್ಕಿಲ್ಲ ಕಣತ್ತೆ" ಎಂದು ಮಾಯಮ್ಮ ಅಂಗಲಾಚಿದಳು.

"ಪುಟ್ಟೀನ ಕಳಿಸ್ದಾಗ ನೀನೆಲ್ಲಿದ್ದೆ?" ಮಹದೇವಮ್ಮ ಕೇಳಿದಳು.

ಮಾಯಮ್ಮ ಆಂಬುಲೆನ್ಸಿನ ಬಾಗಿಲತ್ತ ನೋಡಿದಳು. "ಬಾಗ್ಲಾಕಿ ಈಚೆ ನಿಂತಿದ್ದೆ. ಅವಳು ಒಬ್ಬಳೇ ಓದ್ಲು. ನಂದೇ ತಪ್ಪು ಕಣತ್ತೆ."

ಮೂರು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ಅದನ್ನು ಕೇಳಿದ ಮೇಲೆ ಮಹದೇವಮ್ಮ ಸೊಸೆಯನ್ನು ಎಬ್ಬಿಸಿದಳು. ಜೊತೆಗೆ ಒಬ್ಬರೇ ಬರಬಹುದು ಎಂದ ಡ್ರೈವರ್. ಮೈಸೂರಿನ ಡಾಕ್ಟರುಗಳ ಜೊತೆ ಮಾತಾಡಿ ಬಲ್ಲವಳು ಮಾಯಮ್ಮನೇ. ಮಹದೇವಮ್ಮ ಇಬ್ಬರನ್ನೂ ಹತ್ತಿಸಿ, ಸೊಸೆಯ ಕೈಯನ್ನು ಮಾಯಮ್ಮನ ಕೈಯೊಳಗಿಟ್ಟಳು.

"ಇಗಾ, ಈಗ ನಾನು ರೆಫರ್ ಮಾಡ್ತಾ ಇವ್ನಿ. ಆಸ್ಪತ್ರೆಗಲ್ಲ, ನಿಂಗೆ."

ಮರುದಿನ ಮಧ್ಯಾಹ್ನ ಮಾಯಮ್ಮ ಫೋನ್ ಮಾಡಿದಳು. "ಎಣ್ ಮಗ ಕಣತ್ತೆ. ಇಬ್ರೂ ಚೆನ್ನಾಗವ್ರೆ."

"ಕೈ ಬುಟ್ಟಿಲ್ಲ ತಾನೆ?"

"ಇಲ್ಲ ಅತ್ತೆ" ಅನ್ನುವಷ್ಟರಲ್ಲಿ ಮಾಯಮ್ಮನಿಗೆ ಅಳು ಒತ್ತರಿಸಿ ಬಂತು. ಪುಟ್ಟಿ ಸತ್ತ ದಿನ ಅಳುವುದಕ್ಕೆ ಅವಳಿಗೆ ಧೈರ್ಯವಾಗಿರಲಿಲ್ಲ.