ನರ್ಸಮ್ಮನ ಬೋಸಿ

ಮೊನ್ನೆ ಸಂತೆಮರಹಳ್ಳಿ ಕಡೆಯವನೊಬ್ಬ ನಮ್ಮ ಬೀದಿಯಲ್ಲಿ ಅವರೆಕಾಯಿ ಕೂಗಿಕೊಂಡು ಬಂದ. ಈಗಿನ ಅವರೆಯಲ್ಲಿ ಸೊಗಡೇ ಇಲ್ಲ ಎಂದು ಗೊಣಗುವುದು ನನ್ನ ವಯಸ್ಸಿನವರ ಕಸುಬು. ಆದರೆ ಈ ಕಾಯಿ ನನ್ನ ಬಾಯಿ ಮುಚ್ಚಿಸಿತು. ಕೈಗೆ ಮೆತ್ತಿಕೊಂಡ ಆ ಸೊಗಡು ಮೂಗಿಗೆ ಬಡಿದದ್ದೇ ತಡ, ಎದ್ದುಹೋಗಿ ಅಡುಗೆಮನೆಯ ಮೇಲಿನ ಹಲಗೆಯಿಂದ ಬಿಳಿ ಬೋಸಿ ಇಳಿಸಿದೆ. ನೀಲಿ ಅಂಚಿನ ಎನಾಮಲ್ ಬೋಸಿ, ಅಲ್ಲಲ್ಲಿ ಚಕ್ಕೆ ಎದ್ದಿದೆ. ಅದು ನಮ್ಮದಲ್ಲ. ನರ್ಸಮ್ಮನದು.

ಐವತ್ತರ ದಶಕದ ಮಾತು. ನಾವಾಗ ಹಂಗಳದಲ್ಲಿದ್ದೆವು, ನನಗೆ ಎಂಟೋ ಒಂಬತ್ತೋ ವರ್ಷ. ಹದಿನೈದು ದಿನಕ್ಕೊಮ್ಮೆ ನರ್ಸಮ್ಮ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಸೀರೆ, ಗಂಡಸರ ಕರಿ ಕೊಡೆ, ಔಷಧಿ ವಾಸನೆಯ ಚೀಲ. ಚಾಮರಾಜನಗರದ ಕಡೆಯ ಕ್ರಿಶ್ಚಿಯನ್ನರು. ಹೆಸರು ಏನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗುವಿನ ಕಣ್ಣಿಗೆ ಕಾಡಿಗೆ ಮೆತ್ತಿದ ತಾಯಂದಿರಿಗೆ ಚೆನ್ನಾಗಿ ಬೈಯುತ್ತಿದ್ದರು. ಬೈಸಿಕೊಂಡವರೇ ಮುಂದಿನ ಸಲ ಅವರಿಗಾಗಿ ಬಸ್ಸಿನ ಹತ್ತಿರ ಕಾಯುತ್ತಿದ್ದರು.

ಕ್ರಿಸ್‌ಮಸ್ ಹತ್ತಿರವಾದಾಗ ಅವರ ಚರ್ಚಿನ ಹೆಂಗಸರು ಅಕ್ಕಿ, ಬೆಲ್ಲ, ಬಟ್ಟೆ ಕೂಡಿಸುತ್ತಿದ್ದರು. ಅದನ್ನೆಲ್ಲ ಗಾಡಿಗೆ ಹೇರಿಸಿ, ಕಷ್ಟದಲ್ಲಿರುವ ಮನೆಗಳಿಗೆ ಮುಟ್ಟಿಸುವ ಕೆಲಸ ನರ್ಸಮ್ಮನದು. ಯಾವ ಮನೆ ಎಂದು ಅವರು ಊರ ಯಜಮಾನರನ್ನು ಕೇಳುತ್ತಿರಲಿಲ್ಲ. ಸಂಜೆ ಹೊತ್ತು ಬೀದಿಯುದ್ದಕ್ಕೂ ನಡೆದು, ಯಾವ ಸೂರಿನಿಂದ ಹೊಗೆ ಏಳಲಿಲ್ಲ ಎಂದು ನೋಡಿಕೊಳ್ಳುತ್ತಿದ್ದರು.

ಆ ವರ್ಷ ನಮ್ಮ ಸೂರಿನಿಂದ ಹೊಗೆ ಏಳುತ್ತಿರಲಿಲ್ಲ. ಅಪ್ಪ ಸೌದೆಗೆ ಮರ ಹತ್ತಿ, ಬಿದ್ದು, ಕಾಲು ಮುರಿದುಕೊಂಡು ಮಲಗಿದ್ದರು. ಅವ್ವ ಒಂದು ತಿಂಗಳ ಬಾಣಂತಿ. ಹೊಟ್ಟೆಗಿಲ್ಲದೆ ಅವಳ ಎದೆಹಾಲು ಬತ್ತಿತ್ತು. ತಮ್ಮ ಅಳುವುದನ್ನೂ ಕಡಿಮೆ ಮಾಡಿದ್ದ… ಅದು ಒಳ್ಳೆಯದಲ್ಲ ಎಂದು ನನಗೂ ಗೊತ್ತಾಗುತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನರ್ಸಮ್ಮ ಈ ಬೋಸಿಯ ತುಂಬ ಅಕ್ಕಿ, ಮೇಲೆ ಬೆಲ್ಲದ ಅಚ್ಚು, ಅದರ ಮೇಲೆ ಬಾಳೆ ಎಲೆಯಲ್ಲಿ ಕಜ್ಜಾಯ ಇಟ್ಟು ತಂದು ನಮ್ಮ ಜಗಲಿಯ ಮೇಲಿಟ್ಟರು. ಅವ್ವ ಬೋಸಿಯನ್ನು ನೋಡಿದಳು, ಮುಟ್ಟಲಿಲ್ಲ. ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡುವುದಿಲ್ಲ. ಒಂದು ಹಿಡಿ ಕಾಳೋ ಎರಡು ಮೆಣಸಿನಕಾಯೋ ಹಾಕಿಯೇ ಕೊಡಬೇಕು. ಒಳಗೆ ಹಾಕಿಕೊಡಲು ಏನಿತ್ತು?

ಅವ್ವನ ಸಂಕಟ ನರ್ಸಮ್ಮನಿಗೆ ತಿಳಿಯಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಒಂದು ತಪ್ಪು ಮಾತು ಆಡಿಬಿಟ್ಟರು.

"ಬೋಸೀನೂ ನೀನೇ ಇಟ್ಕೊಳ್ಳವ್ವ, ವಾಪಸ್ ಕೊಡ್ಬೇಡ."

ಅವ್ವನ ಮುಖ ಕೆಂಪಾಯಿತು. "ಪಾತ್ರೆ ಸಮೇತ ಈಸ್ಕಳಕೆ ನಾವೇನ್ ತಿರ್ಕಂಡ್ ತಿನ್ನೋರಲ್ಲ ಕಣಿ ಅಮ್ಮಾರೇ. ಎತ್ಕಂಡೋಗಿ!"

ನರ್ಸಮ್ಮ ಎತ್ತಿಕೊಳ್ಳಲಿಲ್ಲ. ಪಕ್ಕದ ಮನೆಯ ಮುದುಕಿಗೆ ಔಷಧಿ ಕೊಡಲು ಹೋದರು. ನಾನು ಕಂಬ ಹಿಡಿದು ಕಜ್ಜಾಯದ ವಾಸನೆ ಕುಡಿಯುತ್ತಾ ನಿಂತೆ. ಅವ್ವ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಗೋಡೆ ಕಡೆ ತಿರುಗಿ ಕೂತಳು. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಇನ್ನೆಂದೂ ಯಾರ ಮೇಲೂ ಬಂದಿಲ್ಲ.

ನರ್ಸಮ್ಮ ತಿರುಗಿ ಬಂದಾಗ ಬೋಸಿ ಇಟ್ಟಂತೆಯೇ ಇತ್ತು. ಅವರು ಜಗಲಿಯ ಮೇಲೆ ಕೂತರು. ಬೋಸಿಯನ್ನು ನೋಡಿದರು, ಅವ್ವನ ಬೆನ್ನನ್ನು ನೋಡಿದರು, ಬಾಗಿಲಿಂದಲೇ ಕಾಣುತ್ತಿದ್ದ ಬರಿದಾದ ಮಡಕೆಗಳನ್ನು ನೋಡಿದರು. ಆಮೇಲೆ ಅವರ ಕಣ್ಣು ನಮ್ಮ ಬೇಲಿಯ ಮೇಲೆ ನಿಂತಿತು. ಅಲ್ಲಿ ತಾನಾಗಿ ಹಬ್ಬಿದ್ದ ಒಂದೇ ಒಂದು ಅವರೆ ಬಳ್ಳಿ.

"ನಾಳೆ ನಮ್ಮನೇಲಿ ಹಬ್ಬ ಕಣವ್ವ," ಎಂದರು. "ಪೇಟೆ ಅವರೆಕಾಯೀಲಿ ಸೊಗಡಿಲ್ಲ. ನಿಮ್ಮ ಬೇಲೀದು ಕೊಟ್ರೆ ಸಾರು ಮಾಡ್ತೀನಿ."

ಅವ್ವ ತಿರುಗಿದಳು. ಬಹಳ ಹೊತ್ತು ಅವರ ಮುಖ ನೋಡಿದಳು.

"ನಾಕ್ ಕಾಯವೆ ಅಷ್ಟೇಯ. ಅದೆಲ್ಲಿ ಸಾಕಾದದು ನಿಮ್ಗೆ?"

"ಸಾಕು."

ಅವ್ವ ಮಗುವನ್ನು ನನ್ನ ಕೈಗಿಟ್ಟು ಬೇಲಿಗೆ ಹೋದಳು. ಎಳೆಯದು ಬಲಿತದ್ದು ನೋಡದೆ ಬಳ್ಳಿಯನ್ನೇ ಬೋಳು ಮಾಡಿದಳು. ಅಕ್ಕಿ, ಬೆಲ್ಲ ಮೊರಕ್ಕೆ ಸುರಿದುಕೊಂಡು, ಬೋಸಿ ತೊಳೆದು, ಕಾಯಿ ಹಾಕಿ ಕೊಟ್ಟಳು. ಬೋಸಿಯ ತಳವೂ ಸರಿಯಾಗಿ ಮುಚ್ಚಲಿಲ್ಲ. ನರ್ಸಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಆ ಸಂಜೆ ನಮ್ಮ ಸೂರಿನಿಂದ ಹೊಗೆ ಎದ್ದಿತು. ತಮ್ಮ ಬದುಕಿಕೊಂಡ.

ಮರುವರ್ಷದಿಂದ ನರ್ಸಮ್ಮನ ಪದ್ಧತಿಯೇ ಬದಲಾಯಿತು. ಯಾವ ಮನೆಗೆ ಹೋದರೂ ಮೊದಲು ಏನಾದರೂ ಕೇಳುತ್ತಿದ್ದರು. ಒಂದು ಕಡೆ ಹಿಡಿ ಸೊಪ್ಪು, ಇನ್ನೊಂದು ಕಡೆ ಕುಂಬಳಕಾಯಿ, ಹುಣಸೆಹಣ್ಣು, ಪೊರಕೆ. ಅವರ ಜೊತೆ ಬಂದ ಹೆಂಗಸರು, ಗಾಡಿ ಹೋಗುವಾಗ ಎಷ್ಟು ಭಾರವೋ ಬರುವಾಗಲೂ ಅಷ್ಟೇ ಭಾರ ಎಂದು ಗೊಣಗುತ್ತಿದ್ದರಂತೆ. ಪಕ್ಕದ ಮನೆಯ ಮುದುಕಿಯ ಹತ್ತಿರ ಕೊಡಲು ಏನೂ ಇರಲಿಲ್ಲ. ಅವಳೆದುರು ನರ್ಸಮ್ಮ ನೆಲದ ಮೇಲೆ ಕೂತು, ತಲೆ ಬಾಚಿಕೊಡವ್ವ ಎಂದು ಜಡೆ ಬಿಚ್ಚಿದರು. ಮುದುಕಿ ಬಾಚಿ, ತುರುಬು ಕಟ್ಟಿ, ಆಮೇಲೆ ಅಕ್ಕಿ ಈಸಿಕೊಂಡಳು. ದಾನ ಮಾಡಿದ ಎಷ್ಟೋ ದೊಡ್ಡವರನ್ನು ಆಮೇಲೆ ಕಂಡಿದ್ದೇನೆ. ಹೀಗೆ ತಲೆ ಬಗ್ಗಿಸಿ ಕೊಟ್ಟ ಇನ್ನೊಬ್ಬರನ್ನು ಕಾಣಲಿಲ್ಲ.

ಅಪ್ಪನ ಕಾಲು ಸರಿಹೋದ ಮೇಲೂ ನಮ್ಮ ಮನೆಗೆ ಬೋಸಿ ಬರುವುದು, ಅವರೆ ತುಂಬಿಕೊಂಡು ಹೋಗುವುದು ನಿಲ್ಲಲಿಲ್ಲ. ಬರುಬರುತ್ತಾ ಅದರಲ್ಲಿ ಬರೀ ಕಜ್ಜಾಯ ಇರುತ್ತಿತ್ತು. ಕೊನೆಯ ವರ್ಷ ಮಳೆ ತಡವಾಗಿ, ಹಬ್ಬದ ಹೊತ್ತಿಗೆ ಬಳ್ಳಿಯಲ್ಲಿ ಬರೀ ಹೂವಿತ್ತು.

"ಬೋಸಿ ಇಲ್ಲೇ ಇರ್ಲಿ ಅಮ್ಮಾರೇ," ಎಂದಳು ಅವ್ವ. "ಕಾಯಿ ಬಲೀಲಿ, ನಾನೇ ತುಂಬ್ಕಂಡ್ ಬತ್ತೀನಿ."

"ಮರೀಬೇಡ," ಎಂದು ನರ್ಸಮ್ಮ ನಕ್ಕರು.

ಒಂದು ತಿಂಗಳಾದ ಮೇಲೆ ಅವ್ವ ಬೋಸಿ ತುಂಬಿಕೊಂಡು, ಮೇಲೆ ಬಟ್ಟೆ ಕಟ್ಟಿ, ನನ್ನನ್ನೂ ಕರೆದುಕೊಂಡು ಗುಂಡ್ಲುಪೇಟೆಗೆ ಹೋದಳು. ನರ್ಸಮ್ಮ ಇರಲಿಲ್ಲ. ದೂರದ ಯಾವುದೋ ಆಸ್ಪತ್ರೆಗೆ ವರ್ಗವಾಗಿದೆ ಎಂದರು ಅಲ್ಲಿದ್ದವರು. ಊರಿನ ಹೆಸರು ಹೇಳಿದರು, ಆದರೆ ಅದು ಅವ್ವನ ಬಾಯಲ್ಲಿ ಹೊರಳಲಿಲ್ಲ, ನನ್ನ ನೆನಪಲ್ಲೂ ಉಳಿಯಲಿಲ್ಲ. ಬಸ್ಸಿನಲ್ಲಿ ಊರು ಬರುವವರೆಗೂ ಅವ್ವ ಬೋಸಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಕೆಲವು ವರ್ಷದ ಮೇಲೆ, ಅವರು ತೀರಿಕೊಂಡರಂತೆ ಎಂಬ ಸುದ್ದಿ ಯಾರಿಂದಲೋ ಬಂತು. ಅವ್ವ ನಂಬಲಿಲ್ಲ.

ಅವಳು ಆ ಬೋಸಿಯನ್ನು ಒಲೆಯ ಮೇಲಿಡಲಿಲ್ಲ, ಮನೆಯ ಕೆಲಸಕ್ಕೆ ಬಳಸಲಿಲ್ಲ. ಸಾಯುವ ವರ್ಷವೂ ಅವರೆ ಕಾಲದಲ್ಲಿ ಇಳಿಸಿ ತೊಳೆದಳು. "ಅಮ್ಮಾರು ಬಂದ್ರೆ ಬರೀದು ಕೊಟ್ಬುಟ್ಟೀಯ, ಉಸಾರು," ಎಂದಳು.

ಮೊನ್ನೆ ನಾನೂ ತೊಳೆದೆ. ಕೊಂಡ ಕಾಯಿಯನ್ನೆಲ್ಲ ಅದಕ್ಕೆ ಸುರಿದೆ. ಅಂಚಿನವರೆಗೂ ತುಂಬಿತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋದವಳು, ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದೆ.