ವಿದ್ಯಾವತಿ ಟೀಚರು ಆರಿಸಿದ ರೇಡಿಯೋ

ಇಜೇರಿಯ ಹೊಲಗಳಲ್ಲಿ ಬೆಳೆದವರ ದನಿಯೇ ಬೇರೆ. ಬುತ್ತಿ ಬಂತೆಂದು ಈ ಬದುವಿನಿಂದ ಆ ಬದುವಿಗೆ ಕೂಗಬೇಕು, ಎತ್ತು ಜೋಳಕ್ಕೆ ಬಾಯಿ ಹಾಕಿದರೆ ನಿಂತಲ್ಲಿಂದಲೇ ಗದರಬೇಕು. ವಿದ್ಯಾವತಿಯ ದನಿ ಅಂಥದು. ಆಳಂದದ ಹೈಸ್ಕೂಲಿಗೆ ದೈಹಿಕ ಶಿಕ್ಷಣದ ಟೀಚರಾಗಿ ಬಂದ ಮೇಲೆ ಎಷ್ಟೋ ವರ್ಷ ಅವಳು ಸೀಟಿಯನ್ನೇ ಕೊಳ್ಳಲಿಲ್ಲ. ಮೈದಾನದ ಒಂದು ತುದಿಯಲ್ಲಿ ನಿಂತು "ಸಾಲು ಹಿಡೀರಿ!" ಎಂದರೆ ಇನ್ನೊಂದು ತುದಿಯ ಕಬಡ್ಡಿ ಹುಡುಗಿಯರಷ್ಟೇ ಅಲ್ಲ, ಕಾಂಪೌಂಡಿನಾಚೆ ಬಸ್ಸಿಗೆ ಕಾಯುತ್ತಿದ್ದವರೂ ಒಮ್ಮೆ ನೆಟ್ಟಗಾಗುತ್ತಿದ್ದರು.

ಅವಳಿಗೆ ಇನ್ನೊಂದು ಕೆಲಸವೂ ಗೊತ್ತಿತ್ತು. ಅದನ್ನು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಕಣ್ಣರಳಿಸುತ್ತಿದ್ದರು. ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಶಿಬಿರಕ್ಕೆಂದು ದೂರದ ಊರಿಗೆ ಹೋದವಳು ಅಲ್ಲಿ ಗ್ಲೈಡರ್ ಹತ್ತಿದ್ದಳು. ಎಂಜಿನ್ ಇಲ್ಲದ ವಿಮಾನ. ನೆಲದ ಮೇಲಿನ ಯಂತ್ರವೊಂದು ಉದ್ದ ಹಗ್ಗದಿಂದ ಅದನ್ನು ಜಗ್ಗಿ ಗಾಳಿಪಟದ ಹಾಗೆ ಮೇಲಕ್ಕೇರಿಸುತ್ತದೆ. ಹಗ್ಗ ಬಿಟ್ಟಮೇಲೆ ಉಳಿಯುವುದು ರೆಕ್ಕೆ, ಗಾಳಿ ಮತ್ತು ಹಾರಿಸುವವರ ಜಾಣತನ. ಆವತ್ತು ಹತ್ತಿದ ಹುಚ್ಚು ಇಳಿಯಲಿಲ್ಲ. ರಜೆ ಸಿಕ್ಕಾಗೆಲ್ಲ ಹೋಗಿ ಕಲಿತಳು, ಪರೀಕ್ಷೆ ಕೊಟ್ಟಳು, ಕೊನೆಗೆ ಇನ್ನೊಬ್ಬರಿಗೆ ಕಲಿಸುವ ಅರ್ಹತೆಯನ್ನೂ ಪಡೆದಳು. ಗಂಡ ಸುನೀಲಕುಮಾರ ಔಷಧಿ ಅಂಗಡಿಯವನು, ಕುರ್ಚಿಯ ಮೇಲೆ ನಿಂತು ಬಲ್ಬು ಹಾಕಲೂ ಹೆದರುವ ಮನುಷ್ಯ. ಆದರೂ ಹೆಂಡತಿಯನ್ನು ಒಂದು ದಿನವೂ ತಡೆಯಲಿಲ್ಲ.

ಆಳಂದದಿಂದ ಜಿಡಗಾ ಕಡೆ ಹೋಗುವಾಗ ದೌಲತರಾಯರೆಂಬ ರೈತರ ಗರಸು ನೆಲವೊಂದಿತ್ತು. ತೊಗರಿಯೂ ಬಾರದ, ಹುಲ್ಲೂ ಸರಿಯಾಗಿ ಹುಟ್ಟದ ಕೆಂಪು ಮರಡಿ. "ಏನೂ ಬೆಳೀದ ನೆಲ ಅದರೀ ಟೀಚರ. ನಿಮ್ಮ ವಿಮಾನರೆ ಬೆಳೀಲಿ," ಎಂದು ದೌಲತರಾಯರು ಅದನ್ನು ಬಿಟ್ಟುಕೊಟ್ಟರು. ಹಾರಬೇಕೆನ್ನುವ ನಾಲ್ಕು ಜನ ಸೇರಿ ಸಂಘ ಕಟ್ಟಿದರು. ಮುಚ್ಚಿಹೋದ ಯಾವುದೋ ಕ್ಲಬ್ಬಿನ ಎರಡು ಸೀಟಿನ ಹಳೆಯ ಗ್ಲೈಡರ್ ಲಾರಿಯೇರಿ ಬಂತು. ಹಗ್ಗ ಜಗ್ಗುವ ಯಂತ್ರಕ್ಕೆ, ಅಂದರೆ ವಿಂಚಿಗೆ, ಬುರಾನುದ್ದೀನ ಬಂದ. ಇಡೀ ಹರೆಯವನ್ನು ಬೋರ್‌ವೆಲ್ ಗಾಡಿಯ ಮೇಲೆ ಕಳೆದವನು; ಆ ಸದ್ದಿಗೆ ಒಂದು ಕಿವಿ ಕೊಟ್ಟಿದ್ದ, ಇನ್ನೊಂದು ಅರ್ಧ ಉಳಿದಿತ್ತು. ಆದರೆ ವಿದ್ಯಾವತಿಯ ದನಿಯನ್ನು ರೇಡಿಯೋದಲ್ಲಿ ಕೇಳಿಸಿಕೊಳ್ಳಲು ಆ ಅರ್ಧ ಕಿವಿಯೇ ಸಾಕಾಗುತ್ತಿತ್ತು. "ಟೀಚರ್ ಮಾತಾಡಿದರ ರೇಡಿಯೋ ಯಾಕ ಬೇಕ್ರಿ? ಹಂಗೇ ಕೇಳಸ್ತದ," ಎನ್ನುತ್ತಿದ್ದ.

ಹೀಗಿರುವಾಗ ಅವಳ ಕೊರಳಲ್ಲಿ ಗಂಟೊಂದು ಕಾಣಿಸಿಕೊಂಡಿತು. ಥೈರಾಯ್ಡಿನ ಗಂಟು, ತೆಗೆಯದೆ ವಿಧಿಯಿಲ್ಲ ಎಂದರು ಸೊಲ್ಲಾಪುರದ ಡಾಕ್ಟರು. ದನಿಯ ನರ ಅದಕ್ಕೇ ಅಂಟಿಕೊಂಡಿದೆ, ಜೀವ ಉಳಿಯುತ್ತದೆ, ದನಿಯ ಮಾತು ಹೇಳಲಾಗದು ಎಂದೂ ಮೊದಲೇ ತಿಳಿಸಿದರು. ಅವರು ಹೇಳಿದಂತೆಯೇ ಆಯಿತು. ಅವಳು ಆರಾಮಾಗಿ ಮನೆಗೆ ಬಂದಳು, ದನಿ ಬರಲಿಲ್ಲ. ಎಷ್ಟು ಉಸಿರು ಹಾಕಿದರೂ ಹೊರಡುತ್ತಿದ್ದದ್ದು ಒಣ ಜೋಳದ ಗರಿ ಗಾಳಿಗೆ ಸರಸರ ಅಂದಷ್ಟೇ ಸದ್ದು.

ಶಾಲೆಗೆ ಸೀಟಿ ಬಂತು. ಹುಡುಗಿಯರು ಬೇಗ ಹೊಂದಿಕೊಂಡರು. ಹಾರಾಟಕ್ಕೂ ಅಡ್ಡಿಯಿಲ್ಲವೆಂದು ವೈದ್ಯರು ಬರೆದುಕೊಟ್ಟರು. ಆದರೆ ವಿದ್ಯಾವತಿ ತಾನಾಗಿಯೇ ಗ್ಲೈಡರಿನಿಂದ ಇಳಿದಳು. ಹಿಂದಿನ ಸೀಟಿನಲ್ಲಿ ಕೂತು ಕಲಿಸುವವರ ಮಾತು ಮುಂದಿನವರಿಗೆ ಮುಟ್ಟಬೇಕು, ವಿಂಚಿನವನಿಗೂ ಮುಟ್ಟಬೇಕು. ಮುಟ್ಟದ ದನಿ ಇಟ್ಟುಕೊಂಡು ಇನ್ನೊಬ್ಬರ ಜೀವ ಕೈಯಲ್ಲಿ ಹಿಡಿಯಬಾರದು ಎಂದುಕೊಂಡಳು. ಕಲಿಸುವ ಕೆಲಸ ಕಲಬುರಗಿಯಿಂದ ಬಂದುಹೋಗುವ ಇನ್ನೊಬ್ಬರ ಪಾಲಾಯಿತು. ಅವಳು ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಬೆಳಿಗ್ಗೆಯೇ ಬಂದು ರೆಕ್ಕೆ ಒರೆಸುವಳು, ಹಗ್ಗದ ಎಳೆ ಎಳೆ ಬೆರಳಿಂದ ಸವರಿ ನೋಡುವಳು, ಗ್ಲೈಡರ್ ಹೊರಡುವಾಗ ರೆಕ್ಕೆಯ ತುದಿ ಹಿಡಿದು ನಾಲ್ಕು ಹೆಜ್ಜೆ ಓಡುವಳು. ಅದು ನೆಲ ಬಿಟ್ಟಾಗ ಕೈ ಖಾಲಿ ಮಾಡಿಕೊಂಡು ನಿಲ್ಲುವಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಬಾರದೆಂದು ಬುರಾನುದ್ದೀನ ಹಗ್ಗದ ಕಡೆ ತಿರುಗಿಬಿಡುತ್ತಿದ್ದ.

ಶ್ರಾವಣ ಮುಗಿದ ಮೇಲಿನ ಒಂದು ಭಾನುವಾರ ನೂರೀನ ಒಬ್ಬಳೇ ಹಾರುತ್ತಿದ್ದಳು. ಅಫಜಲಪುರದ ಹುಡುಗಿ, ಡಿಗ್ರಿ ಮುಗಿಸಿದವಳು. ವಿದ್ಯಾವತಿಯ ಕೈಯಲ್ಲಿ ಕಲಿತ ಕೊನೆಯ ಶಿಷ್ಯೆ. ಇಳಿಯಲು ತಿರುಗುವಷ್ಟರಲ್ಲಿ ಗ್ಲೈಡರ್ ಇಳಿಯುವ ನೆಲದ ಪಟ್ಟಿಯ ಮೇಲೆ ಕುರಿಹಿಂಡೊಂದು ನುಗ್ಗಿತು. ಕೆಳಗಿನಿಂದ ರೇಡಿಯೋದಲ್ಲಿ ಎಷ್ಟು ಕರೆದರೂ ಗ್ಲೈಡರಿನಿಂದ ಉತ್ತರವಿಲ್ಲ. ವಿದ್ಯಾವತಿ ದುಪ್ಪಟ್ಟಾ ಬೀಸುತ್ತ ಓಡಿದಳು. ನೂರೀನ ತಾನೇ ಕುರಿಗಳನ್ನು ಕಂಡು, ಅವುಗಳ ಮೇಲಿಂದ ದಾಟಿಸಿ, ಪಟ್ಟಿಯ ಕಟ್ಟಕಡೆಗೆ ಗ್ಲೈಡರನ್ನು ಇಳಿಸಿದಳು. ಇಳಿದವಳ ತುಟಿ ಬಿಳಿಚಿಕೊಂಡಿತ್ತು. ಬಿಚ್ಚಿ ನೋಡಿದರೆ ಹಳೆಯ ರೇಡಿಯೋದ ಒಳಗೆ ಸುಟ್ಟ ವಾಸನೆ.

"ಇದರ ಆಯುಷ್ಯ ಮುಗೀತ್ರಿ," ಎಂದರು ದೌಲತರಾಯರು. "ಹೊಸಾದು ಬರೋತನಕ ಯಾರೂ ಹಾರಬ್ಯಾಡ್ರಿ. ಟೀಚರ, ನೀವೇ ಆರಿಸ್ರಿ. ನಿಮ್ಮಷ್ಟು ಇದರಾಗ ಕೂತವರು ಯಾರದಾರ?"

ವಿದ್ಯಾವತಿ ತಲೆಯಾಡಿಸಿದಳು. ತಾನು ಹಾರದ ವಿಮಾನಕ್ಕೆ ತಾನು ಮಾತಾಡಲಾಗದ ರೇಡಿಯೋ ಆರಿಸುವುದು ವಿಚಿತ್ರವೇ. ಆದರೂ ಒಪ್ಪಿದ ಕೆಲಸವನ್ನು ಅರ್ಧಂಬರ್ಧ ಮಾಡುವ ಸ್ವಭಾವ ಅವಳದಲ್ಲ. ಗ್ಲೈಡರಿನ ಮುಂಬದಿಯ ಫಲಕದಲ್ಲಿ ರೇಡಿಯೋ ಕೂರುವ ದುಂಡು ತೂತನ್ನು ಅಳೆದಳು, ಅದರ ಹಿಂದೆ ಜಾಗವೆಷ್ಟು ಎಂದು ಕೈ ತೂರಿಸಿ ನೋಡಿದಳು, ಬ್ಯಾಟರಿಯ ಶಕ್ತಿ ನೋಡಿದಳು. ಹೈದರಾಬಾದಿನ ವ್ಯಾಪಾರಿಯೊಬ್ಬನನ್ನು ಒಪ್ಪಿಸಿ ಮೂರು ರೇಡಿಯೋಗಳನ್ನು ಪರೀಕ್ಷೆಗೆಂದು ತರಿಸಿಕೊಂಡಳು.

ಮೊದಲನೆಯದಕ್ಕೆ ಬಣ್ಣದ ಪರದೆ. ಒಮ್ಮೆಗೇ ಎರಡು ಚಾನೆಲ್ ಆಲಿಸುತ್ತದೆ, ಗಾಳಿಯ ಸದ್ದನ್ನು ತಾನೇ ಸೋಸುತ್ತದೆ. ದೌಲತರಾಯರಿಗೆ ನೋಡುತ್ತಲೇ ಮನಸ್ಸು ಬಂತು. "ಟೀವಿ ಇದ್ದಂಗ ಅದ ನೋಡ್ರಿ!" ಎರಡನೆಯದು ಕೈಯಲ್ಲಿ ಹಿಡಿಯುವಂಥದು, ಫಲಕಕ್ಕೆ ಕೂರಿಸುವ ತಾಪತ್ರಯವೇ ಇಲ್ಲ. ಮೂರನೆಯದು ಸಣ್ಣದು, ಕಪ್ಪು ಅಂಕಿ, ಎರಡು ಗುಂಡಿ. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ವಿದ್ಯಾವತಿ ಅವಸರ ಮಾಡಲಿಲ್ಲ. ನಡು ಮಧ್ಯಾಹ್ನದ ಬಿಸಿಲಲ್ಲಿ ಗ್ಲೈಡರಿನೊಳಗೆ ಒಂದೊಂದನ್ನೂ ಇಟ್ಟು ನೋಡಿದಳು. ಬಣ್ಣದ ಪರದೆ ಆ ಬಿಸಿಲಿಗೆ ತೊಳೆದ ಸ್ಲೇಟಿನಂತಾಯಿತು. ಕಣ್ಣು ಮುಚ್ಚಿ ಗುಂಡಿ ತಡವಿದಳು; ಹಾರಿಸುವವರ ಕಣ್ಣು ಹೊರಗಿರಬೇಕು, ಬೆರಳೇ ಗುರುತು ಹಿಡಿಯಬೇಕು. ಕೈಯಲ್ಲಿ ಹಿಡಿಯುವುದನ್ನು ಅಲ್ಲೇ ಬದಿಗಿಟ್ಟಳು: ಒಂದು ಕೈ ಗ್ಲೈಡರ್ ತಿರುಗಿಸುವ ಕೋಲಿನ ಮೇಲೆ, ಇನ್ನೊಂದು ಹಗ್ಗ ಬಿಡುವ ಗುಂಡಿಯ ಮೇಲೆ ಇರುವಾಗ ರೇಡಿಯೋ ಹಿಡಿಯಲು ಮೂರನೇ ಕೈ ಎಲ್ಲಿಂದ ತರಬೇಕು?

ಉಳಿದದ್ದು ದನಿಯ ಪರೀಕ್ಷೆ. ಗ್ಲೈಡರಿನಲ್ಲಿ ನೂರೀನ ಕೂತು ಮಾತಾಡಿದಳು, ದೌಲತರಾಯರು ಕೂತು ಮಾತಾಡಿದರು. ಮರಡಿಯ ಆಚೆ ತುದಿಯ ವಿಂಚಿನಿಂದ ಬುರಾನುದ್ದೀನ ಉತ್ತರಿಸಿದ: "ಎರಡೂ ಬರಾಬರ್ ಕೇಳಸ್ತಾವ್ರಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವನದೇ ದನಿ: "ಈಗ ಟೀಚರ್ ಮಾತಾಡ್ಲಿ."

ವಿದ್ಯಾವತಿ ಬೇಡವೆಂದು ಕೈಯಾಡಿಸಿದಳು. ಬುರಾನುದ್ದೀನ ವಿಂಚ್ ಬಿಟ್ಟು ಮೋಟರ್‌ಸೈಕಲ್ ಹತ್ತಿ ಧೂಳೆಬ್ಬಿಸುತ್ತ ಬಂದೇಬಿಟ್ಟ.

"ಯಾಕ್ರಿ ಟೀಚರ?"

"ನನ್ನ ದನಿ ತಗೊಂಡು ಏನ್ ಮಾಡ್ತೀರಿ ಸಾಹೇಬ್ರ?" ಎಂದು ಅವಳು ಉಸುರಿದಳು. "ಹಾರೋರ ದನಿ ನೋಡ್ರಿ."

ಅವನು ತನ್ನ ಒಳ್ಳೆಯ ಕಿವಿಯನ್ನು ಅವಳ ಕಡೆ ತಿರುಗಿಸಿಕೊಂಡು ನಿಂತಿದ್ದ. "ಜೋರು ಆವಾಜ್ ಯಾವ ಡಬ್ಬಿಗೂ ಕೇಳಸ್ತದ್ರಿ. ಅದರಾಗೇನು ಪರೀಕ್ಷಾ? ಮೆತ್ತಗಿನ ಆವಾಜ್ ಯಾವುದಕ್ಕ ಕೇಳಸ್ತದ ಅಂಬೋದು ನೋಡಬೇಕು. ನಮ್ಮೊಳಗ ಅಂಥಾ ದನಿ ನಿಮ್ಮ ಬಿಟ್ಟು ಯಾರಿಗದ? ಕುಂದರ್ರಿ."

ವಿದ್ಯಾವತಿ ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು. ಎಷ್ಟೋ ತಿಂಗಳ ಮೇಲೆ ಹಿಂದಿನ ಸೀಟಿನಲ್ಲಿ ಕೂತಳು. ಸೀಟಿನ ಪಟ್ಟಿ ಬಿಗಿದುಕೊಳ್ಳುವಾಗ ಕೈ ತಾನಾಗಿಯೇ ಬಕಲು ಹುಡುಕಿತು. ಬುರಾನುದ್ದೀನ ವಿಂಚಿಗೆ ವಾಪಸು ಹೋದ. ಅವಳು ಬಣ್ಣದ ಪರದೆಯ ರೇಡಿಯೋದ ಗುಂಡಿಯೊತ್ತಿ ಮಾತಾಡಿದಳು. ಉತ್ತರವಿಲ್ಲ. ಸೋಸುವಿಕೆಯನ್ನು ಕಡಿಮೆ ಮಾಡಿ ಮತ್ತೆ ಮಾತಾಡಿದಳು. "ತುಂಡು ತುಂಡು ಬರಾಕತ್ತದ್ರಿ," ಎಂದ ಬುರಾನುದ್ದೀನ. ಗಾಳಿಯ ಸದ್ದು ಸೋಸುವ ಆ ಯಂತ್ರ ಅವಳ ಮಾತನ್ನೂ ಗಾಳಿಯೆಂದೇ ತಿಳಿದು ಸೋಸಿ ಎಸೆದಿತ್ತು. ಅವಳ ಕಿವಿ ಬಿಸಿಯಾಯಿತು. ಇಳಿದು ಮನೆಗೆ ಹೋಗಿಬಿಡಲೇ ಅನ್ನಿಸಿತು.

ಇಳಿಯಲಿಲ್ಲ. ಸಣ್ಣ ರೇಡಿಯೋಕ್ಕೆ ತಂತಿ ಬದಲಿಸಿಕೊಂಡಳು. ಮೊದಲ ಸಲ ಅದೂ ಸುಮ್ಮನಿತ್ತು. ಮುಂದಿನ ಸೀಟಿನ ಮೈಕಿಗೂ ಹಿಂದಿನ ಸೀಟಿನ ಮೈಕಿಗೂ ಬೇರೆ ಬೇರೆ ದನಿಮಟ್ಟ ಇಟ್ಟುಕೊಳ್ಳಬಹುದೆಂದು ಜೊತೆಗೆ ಬಂದ ಪುಸ್ತಿಕೆಯಲ್ಲಿ ಓದಿದ್ದಳು. ಹಿಂದಿನದನ್ನು ಒಂದೊಂದೇ ಮೆಟ್ಟಿಲು ಏರಿಸಿದಳು. ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಬಾಗಿಸಿದಳು. ಕೂಗುವ ಆಸೆಯನ್ನು ಬಿಟ್ಟು, ಮಗ್ಗುಲಲ್ಲಿ ಕೂತವರ ಜೊತೆ ಮಾತಾಡುವಂತೆ ಹೇಳಿದಳು:

"ಬುರಾನಸಾಹೇಬ್ರ, ಊಟ ಆಯ್ತೇನ್ರಿ?"

ರೇಡಿಯೋ ಒಡೆಯುವಂತೆ ಬಂತು ಅವನ ದನಿ. "ಆಗಿಲ್ರಿ ಟೀಚರ! ನೀವು ಬಿಟ್ಟರ ಆಗ್ತದ! ಪಕ್ಕಾ ಕೇಳಸ್ತು, ನನ್ನ ಈ ಹಾಳ ಕಿವಿಗೇ ಕೇಳಸ್ತು!"

ನೂರೀನ ಚಪ್ಪಾಳೆ ತಟ್ಟಿದಳು. ವಿದ್ಯಾವತಿಗೆ ಹೊಸ ಅಳುಕು ಶುರುವಾಯಿತು. ತಾನು ಸಂಘಕ್ಕಾಗಿ ಆರಿಸುತ್ತಿರುವುದೋ, ತನ್ನ ಗಂಟಲಿಗಾಗಿಯೋ? ದೌಲತರಾಯರ ಮುಖದಲ್ಲೂ ಅದೇ ಪ್ರಶ್ನೆಯಿತ್ತು. ಒಳ್ಳೆಯ ಮನುಷ್ಯ, ಬಾಯಿ ಬಿಟ್ಟು ಕೇಳಲು ಸಂಕೋಚ.

"ಅಲ್ರಿ ಟೀಚರ," ಎಂದರು ಕೊನೆಗೆ. "ನಿಮಗ ಕೇಳೋ ರೇಡಿಯೋ ಬೇಕು, ಖರೇ. ಆದರ ಹಾರೋರು ಬ್ಯಾರೆಯವರೂ ಅದಾರ. ಅವರೆಲ್ಲರ ದನಿ ಚಲೋನೇ ಅದ. ಆ ದೊಡ್ಡದು ಎರಡೂ ಚಾನೆಲ್ ಕೇಳ್ತದ…"

ವಿದ್ಯಾವತಿ ಉತ್ತರಕ್ಕೆ ಉಸಿರು ಕೂಡಿಸಿಕೊಳ್ಳುವ ಮೊದಲೇ ನೂರೀನ ಬಾಯಿ ಹಾಕಿದಳು. ಅವಳ ಮುಖ ಕೆಂಪಾಗಿತ್ತು.

"ಕಾಕಾ, ಒಂದು ಮಾತು ಹೇಳ್ತೇನಿ. ಆವತ್ತು ಕುರಿ ಬಂದಾವಲ್ರಿ, ಆಗ ನಾನು ರೇಡಿಯೋದಾಗ ಮಾತಾಡಿದೆ. ರೇಡಿಯೋ ಸತ್ತಿತ್ತು, ಬಿಡ್ರಿ. ಆದರ ಅದು ಸತ್ತಿರದಿದ್ದರೂ ನಿಮಗ ಕೇಳಸ್ತಿದ್ದಿಲ್ಲ. ಹೆದರಿಕಿಗೆ ನನ್ನ ದನಿನೇ ಹೊಂಡಲಿಲ್ಲ. ಟೀಚರ್ ದನಿಗಿಂತ ಸಣ್ಣಾಗಿತ್ತು."

ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಮಣ್ಣು ಮಗುಚುತ್ತಿತ್ತು.

ದೌಲತರಾಯರು ಟೋಪಿ ತೆಗೆದು ತಲೆ ಸವರಿಕೊಂಡರು. ತಾವೂ ಒಮ್ಮೆ ಇದೇ ಗ್ಲೈಡರಿನಲ್ಲಿ ಕೂತು ಬಂದಿದ್ದರು. ಮೇಲೆ ಹೋಗುವತನಕ ಜಗತ್ತಿನ ಮಾತಾಡಿ, ಹಗ್ಗ ಬಿಟ್ಟ ಮೇಲೆ ನೆಲ ಮುಟ್ಟುವವರೆಗೆ ಗಪ್ಪಾಗಿದ್ದರು. "ಖರೇ ಅದ ತಂಗಿ," ಎಂದರು. "ಜೀವ ಹೋಗೋ ಹೊತ್ತಿನ್ಯಾಗ ಯಾರು ಭಾಷಣ ಮಾಡ್ತಾರ! ಟೀಚರ, ಆ ಸಣ್ಣದೇ ಇರಲಿ."

ಸಣ್ಣ ರೇಡಿಯೋವನ್ನು ಕೊಂಡದ್ದಾಯಿತು. ಪರವಾನಗಿಯ ಕಾಗದಗಳಿಗಾಗಿ ಒಂದಷ್ಟು ಕಾಯ್ದರು. ವಿದ್ಯಾವತಿ ಪಕ್ಕದಲ್ಲೇ ನಿಂತು ತಂತಿಗಳನ್ನು ಕಟ್ಟಿಸಿದಳು. ಇಂಟರ್‌ಕಾಮಿನಲ್ಲೂ ಅವಳ ಮಾತು ಮುಂದಿನ ಸೀಟಿಗೆ ಸ್ಪಷ್ಟವಾಗಿ ಮುಟ್ಟುತ್ತಿತ್ತು. ಕಲಬುರಗಿಯ ಶಿಕ್ಷಕರು ಅವಳನ್ನು ಮುಂದೆ ಕೂರಿಸಿಕೊಂಡು ಒಂದಿಡೀ ಬೆಳಿಗ್ಗೆ ಹಾರಿಸಿ ನೋಡಿ, "ನಿಮ್ಮ ಸೀಟು ನೀವು ತಗೋರಿ," ಎಂದು ಕೈ ಕುಲುಕಿದರು.

ತೊಗರಿ ಹೂವಾದ ಕಾಲ. ಭಾನುವಾರ ಬೆಳಿಗ್ಗೆ ನೂರೀನ ಮುಂದೆ, ವಿದ್ಯಾವತಿ ಹಿಂದೆ. ಸುನೀಲಕುಮಾರ ಅಂಗಡಿ ಮುಚ್ಚಿ ಬಂದಿದ್ದ. ಹೆಂಡತಿಯ ಬದಲು ಇವತ್ತು ರೆಕ್ಕೆಯ ತುದಿ ಅವನ ಕೈಯಲ್ಲಿ. ಹೆಂಡತಿಯ ಬಕಲು ಬಿಗಿಯಾಗಿದೆಯೇ ಎಂದು ಅವನು ಎರಡು ಸಲ ಬಂದು ನೋಡಿ ಹೋಗಿದ್ದ.

"ಹಗ್ಗ ಬಿಗಿ ಮಾಡ್ರಿ," ಎಂದಳು ವಿದ್ಯಾವತಿ.

ಮರಡಿಯ ಆಚೆ ಹಗ್ಗ ಹಾವಿನಂತೆ ಸರಿದು ನೆಟ್ಟಗಾಯಿತು.

"ಎಳೀರಿ."

ಗ್ಲೈಡರ್ ಕಲ್ಲುಗಳ ಮೇಲೆ ಕುಣಿದು, ಹಗುರಾಗಿ, ಮೂತಿಯೆತ್ತಿ ಆಕಾಶಕ್ಕೆ ಹತ್ತಿತು. ಹಗ್ಗ ಕಳಚಿದ ಸದ್ದಾದ ಮೇಲೆ ರೆಕ್ಕೆಯ ಮೇಲಿನ ಗಾಳಿಯೊಂದೇ ಉಳಿಯಿತು. ಕೆಳಗೆ ಹಳದಿ ತೊಗರಿ, ಕರಿ ಎರೆಮಣ್ಣು, ಆಚೆಗೆ ಅಮರ್ಜಾ ಕೆರೆಯ ನೀರು. ಹದ್ದೊಂದು ಎಡಕ್ಕೆ ಸುತ್ತು ಹಾಕುತ್ತ ಏರುತ್ತಿತ್ತು.

"ಹದ್ದು ಕಾಣಸ್ತದೇನು? ಅಲ್ಲಿ ಮ್ಯಾಲೇರೋ ಬಿಸಿಗಾಳಿ ಅದ. ಜರಾ ಎಡಕ್ಕ. ಅವಸರ ಬ್ಯಾಡ."

"ಹೌದ್ರಿ ಟೀಚರ," ಎಂದಳು ನೂರೀನ, ಅಷ್ಟೇ ಮೆಲ್ಲಗೆ. ಗ್ಲೈಡರಿನ ರೆಕ್ಕೆ ವಾಲಿತು, ಕುರ್ಚಿಯ ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿದಂತೆ ಅವರು ಮೇಲೇರತೊಡಗಿದರು. ವಿದ್ಯಾವತಿ ಕಣ್ಣೊರೆಸಿಕೊಂಡಳು. ಹಿಂದಿನ ಸೀಟಿನಲ್ಲಿ ಕೂತದ್ದರ ಅನುಕೂಲ ಅದೊಂದು, ಯಾರಿಗೂ ಕಾಣುವುದಿಲ್ಲ.

ಅವಳು ಈಗ ಮತ್ತೆ ಕಲಿಸುತ್ತಾಳೆ. ಅಂದೋಲಾದ ಕಡೆಯಿಂದ ಹೊಸದಾಗಿ ಇಬ್ಬರು ಬರುತ್ತಿದ್ದಾರೆ. ಮೊದಲ ದಿನ ಗಟ್ಟಿಯಾಗಿ ಒದರುತ್ತಾರೆ, ನಾಲ್ಕನೇ ಪಾಠಕ್ಕೆ ದನಿ ಇಳಿದಿರುತ್ತದೆ. ಹೋದ ವರ್ಷ ನೂರೀನ ಹೊರರಾಜ್ಯದ ಗ್ಲೈಡಿಂಗ್ ಶಿಬಿರವೊಂದಕ್ಕೆ ಹೋಗಿದ್ದಳು. ಅಲ್ಲಿಯ ಹಿರಿಯರೊಬ್ಬರು ಅವಳ ರೇಡಿಯೋ ಮಾತು ಕೇಳಿ, ಗಾಳಿ ಅಷ್ಟು ಕೆಟ್ಟದಾಗಿದ್ದರೂ ಇಷ್ಟು ಸಮಾಧಾನವಾಗಿ ಮಾತಾಡುವುದನ್ನು ಯಾರು ಕಲಿಸಿದರಮ್ಮ ಎಂದು ಕೇಳಿದರಂತೆ.

"ಯಾರೂ ಕಲಿಸಿಲ್ರಿ," ಅಂದಳಂತೆ ನೂರೀನ. "ನಮ್ಮ ಕಡೆ ಎಲ್ಲಾರೂ ಹಿಂಗೇ ಮಾತಾಡ್ತೇವಿ."