ಮಾಡೆಲ್ ಮುಖ ಅರಳಿಸುವ ಪಾಠ

ಫೋಟೋ ತೆಗೆಯುವ ಕಸುಬಿನವರೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಮಾಡಿದವರಲ್ಲ ಪುಣ್ಯಾತ್ಮರು. ಯಾರು ಸಿಕ್ಕರೂ ಹೇಗೆ ಕೂರಬೇಕು, ಗದ್ದ ಎಷ್ಟು ಎತ್ತಬೇಕು ಅಂತ ತಲೆ ತಿನ್ನುತ್ತಿದ್ದುದಕ್ಕೆ ಬಿದ್ದ ಹೆಸರು. ಅವರ ಸ್ಟುಡಿಯೋದಲ್ಲಿ ಸ್ಟೂಲಿನ ಮೇಲೆ ಕೂತವರ ಪಾಡಂತೂ ದೇವರಿಗೇ ಪ್ರೀತಿ. ಒಂದು ಫೋಟೋ ಕ್ಲಿಕ್ಕಿಸುವುದು, ಕ್ಯಾಮೆರಾದ ಹಿಂದಿನ ಪರದೆ ನೋಡುವುದು, ಹುಬ್ಬು ಗಂಟಿಕ್ಕಿ "ಚ್ಚ್" ಅನ್ನುವುದು. ಅವರ ಸಿಟ್ಟು ಬೆಳಕಿನ ಮೇಲೆ. ಕೂತವರು ಮಾತ್ರ ತಮ್ಮ ಮೂತಿಯೇ ಸರಿಯಿಲ್ಲ ಅಂದುಕೊಳ್ಳುತ್ತಿದ್ದರು. ಹಾಗಾಗಿ ಸ್ಟುಡಿಯೋದ ಗೋಡೆ ತುಂಬ ಇದ್ದ ವಕೀಲರು, ನರ್ಸಮ್ಮಗಳು, ಹೊಸ ಮದುಮಕ್ಕಳು ಎಲ್ಲರೂ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕಾಣುತ್ತಿದ್ದರು.

ಛಾಯಾಗ್ರಾಹಕರ ಸಂಘ ಹೊಸಬರಿಗೆ ತರಗತಿ ನಡೆಸಲು ಖಾಯಂ ಬೋಧಕರನ್ನು ಹುಡುಕುತ್ತಿತ್ತು. ಆ ಕುರ್ಚಿಯ ಮೇಲೆ ಮೇಷ್ಟ್ರ ಕಣ್ಣು ಬಿದ್ದು ವರ್ಷವಾಗಿತ್ತು. ಕೊನೆಗೂ ಸಂಘದ ಕಾರ್ಯದರ್ಶಿ, ಒಂದು ಭಾನುವಾರ ಪಾಠ ಮಾಡಿ ತೋರಿಸಿ, ನೋಡೋಣ ಅಂದರು. ವಿಷಯ: ಮಾಡೆಲ್‌ಗಳ ಜೊತೆ ಚೆನ್ನಾಗಿ ಕೆಲಸ ಮಾಡುವುದು ಹೇಗೆ. ಪಾಠದ ಕೊನೆಗೆ ಎಲ್ಲರೆದುರು ಒಂದು ಭಾವಚಿತ್ರ ತೆಗೆಯಬೇಕು.

ಗೊತ್ತು ಮಾಡಿದ್ದ ಮಾಡೆಲ್, ತೆಗೆಯುವವರು ಯಾರೆಂದು ಕೇಳಿದ್ದೇ ತಡ, ಹಲ್ಲುನೋವು ಅಂತ ಫೋನಿಟ್ಟಳು. ಮೇಷ್ಟ್ರು ಹೆಂಡತಿಗೆ ದುಂಬಾಲು ಬಿದ್ದರು.

"ಒಂದೇ ಒಂದು ಫೋಟೋ ಕಣೇ. ನನ್ನ ಮಾನದ ಪ್ರಶ್ನೆ."

"ನಾನು ಕ್ಯಾಮೆರಾ ಮುಂದೆ ಕೂರಲ್ಲ ಅಂತ ನಿಮಗೆ ಗೊತ್ತಿಲ್ವಾ?" ಅಂದ ಆಕೆ, ಗಂಡನ ಸಪ್ಪೆ ಮೋರೆ ನೋಡಲಾರದೆ ಬಟ್ಟೆ ಬದಲಿಸಿ ಹೊರಟಳು.

ಮೂವತ್ತು ಜನರ ಮುಂದೆ ಮೇಷ್ಟ್ರು ಮುಕ್ಕಾಲು ಗಂಟೆ ಕೊರೆದರು. ಮಾಡೆಲ್ ಅಂದರೆ ಮನೆಗೆ ಬಂದ ಅತಿಥಿ, ಅವರ ಮನಸ್ಸು ಅರಳಿದರೆ ಮುಖ ತಾನಾಗಿ ಅರಳುತ್ತದೆ ಅಂದರು. ಕೇಳಿದವರು ತಲೆದೂಗಿದ್ದೇ ತಲೆದೂಗಿದ್ದು. ಆಮೇಲೆ ಹೆಂಡತಿಯ ಕಡೆ ತಿರುಗಿ, "ದಯವಿಟ್ಟು ಬಂದು ಕೂತ್ಕೊಳ್ಳಿ ಮೇಡಂ" ಅಂದಾಗ, ಬಂದು ಕೂತ ಆಕೆಗೆ ನಗು ತಡೆಯಲಾಗಲಿಲ್ಲ. ಎಂಥ ನಗು ಅಂತೀರಿ! ಮೇಷ್ಟ್ರು ಸರಿಯಾಗಿ ಅದೇ ಗಳಿಗೆಗೆ ಕ್ಲಿಕ್ಕಿಸಿದರು. ಪರದೆ ನೋಡಿದರು.

"ಚ್ಚ್."

ನಗು ಆರಿಹೋಯಿತು. ಆಕೆ ಎದ್ದು ನಿಂತಳು.

"ಯಾಕ್ರೀ? ಏನಾಗಿದೆ ನನ್ನ ಮುಖಕ್ಕೆ?"

"ಮುಖಕ್ಕೇನು? ಎಡಗಡೆ ದೀಪ ಜಾಸ್ತಿಯಾಯ್ತು, ಅಷ್ಟೇ."

"ಮದುವೆಯಾದ ವಾರ ನನ್ನ ಫೋಟೋ ತೆಗೀವಾಗ್ಲೂ ಹಿಂಗೇ ಅಂದ್ರಲ್ಲ, ಅದು?"

"ಅದೂ ಬೆಳಕಿಗೇ ಇರಬೇಕು. ನಂಗೆ ನೆನಪಿಲ್ಲ."

"ನಂಗೆ ನೆನಪಿದೆ. ಇಪ್ಪತ್ತಾರು ವರ್ಷ, ನನ್ನ ಮುಖ ಇವರಿಗೆ ಹಿಡಿಸ್ಲಿಲ್ಲ ಅಂದ್ಕೊಂಡೇ ನಿಮಗೆ ಬೇಯಿಸಿ ಹಾಕಿದೀನಿ. ಬೆಳಕು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಮ ಬಾಯಿಗೆ?"

ಕಾರ್ಯದರ್ಶಿ ಮೆಲ್ಲಗೆ ಪೆನ್ನು ತೆಗೆದು ಕಾಗದದಲ್ಲಿದ್ದ ಮೇಷ್ಟ್ರ ಹೆಸರಿನ ಮೇಲೆ ಗೀಟು ಎಳೆದರು. ಮೇಷ್ಟ್ರು ಅದನ್ನು ಕಂಡರು. ವರ್ಷದ ಆಸೆ ಅಲ್ಲಿಗೆ ಮಣ್ಣುಪಾಲು. ಆದರೂ ಅವರು ತಿರುಗಿದ್ದು ಹೆಂಡತಿಯ ಕಡೆಗೇ.

"ಕೂತ್ಕೋ, ಇನ್ನೊಂದು ತೆಗೀತೀನಿ," ಅಂದರು.

"ಬೆಳಕೇನೋ ಸರಿ ಮಾಡ್ಕೋತೀರಿ. ಆಗಿನ ಆ ಇಪ್ಪತ್ಮೂರು ವಯಸ್ಸಿನ ಮುಖ ಎಲ್ಲಿಂದ ತರ್ತೀರಿ?" ಆಕೆ ಕಣ್ಣೊರೆಸಿಕೊಂಡು ಮತ್ತೆ ಕೂತಳು. "ಆಯ್ತು, ಇರೋದನ್ನೇ ತೆಗೀರಿ."

ಮೇಷ್ಟ್ರು ಎಡಗಡೆ ದೀಪ ತಗ್ಗಿಸಿದರು, ಕ್ಲಿಕ್ಕಿಸಿದರು, ಪರದೆ ನೋಡಿದರು.

"ಚೆನ್ನಾಗಿದೀಯ ಕಣೇ," ಅಂದರು, ತಮಗೇ ಕೇಳಿಸದಷ್ಟು ಮೆಲ್ಲಗೆ.

"ಗಟ್ಟಿಯಾಗಿ ಹೇಳ್ರಿ," ಅಂದಳು ಆಕೆ. "ಹಿಂದಿನ ಸಾಲಿನವರಿಗೂ ಕೇಳ್ಲಿ."